‘ಅಥವಾ ಅನ್ಯಥಾ’: ಎಚ್. ವಿ. ಕಾಮತರ ಸೋತ ತಿದ್ದುಪಡಿಗಳು ಮತ್ತು ಸದನದ ನಡಾವಳಿ

1949ರ ಆಗಸ್ಟ್ 3ರಂದು ಸಂವಿಧಾನ ರಚನಾ ಸಭೆಯ ಮುಂದೆ ಡಾ. ಬಿ. ಆರ್. ಅಂಬೇಡ್ಕರ್ ಕರಡಿನ 278ನೇ ವಿಧಿಯ ಹೊಸ ರೂಪವನ್ನು ಮಂಡಿಸಿದರು. ಇಂದು ನಾವು 356ನೇ ವಿಧಿ ಎಂದು ಕರೆಯುವುದು ಇದನ್ನೇ. ರಾಜ್ಯವೊಂದರ ಆಡಳಿತವನ್ನು ಸಂವಿಧಾನದ ಪ್ರಕಾರ ನಡೆಸಲಾಗದ ಪರಿಸ್ಥಿತಿ ಬಂದಿದೆ ಎಂದು ರಾಷ್ಟ್ರಪತಿಗೆ ಮನವರಿಕೆಯಾದರೆ ಆ ರಾಜ್ಯದ ಆಡಳಿತವನ್ನು ಅವರು ಕೈಗೆತ್ತಿಕೊಳ್ಳಬಹುದು. ಆ ಮನವರಿಕೆ ರಾಜ್ಯಪಾಲರ ವರದಿಯಿಂದ ಬರಬಹುದು, ‘ಅಥವಾ ಅನ್ಯಥಾ’ ಬರಬಹುದು. ಹರಿ ವಿಷ್ಣು ಕಾಮತ್ ಎದ್ದು ನಿಂತದ್ದು ಕೊನೆಯ ಈ ಎರಡು ಪದಗಳ ವಿಷಯಕ್ಕೆ. ಅವನ್ನು ತೆಗೆದುಹಾಕಬೇಕೆಂದು ಅವರು ತಿದ್ದುಪಡಿ ಸೂಚಿಸಿದರು. ಈ ಸಂದರ್ಭದಲ್ಲಿ ‘ಅನ್ಯಥಾ’ ಎಂಬುದು ಕಿಡಿಗೇಡಿ ಪದ, ಪೈಶಾಚಿಕ ಪದ ಎಂದರು. ರಾಜ್ಯಪಾಲರನ್ನು ನೇಮಿಸುವವರು ರಾಷ್ಟ್ರಪತಿಯೇ. ತಾವೇ ನೇಮಿಸಿದವರ ವರದಿಯ ಮೇಲೆ ಅವರಿಗೆ ನಂಬಿಕೆ ಇಲ್ಲವೆಂದಾದರೆ ನಾವೆಲ್ಲ ಸರ್ಕಾರವನ್ನು ಮುಚ್ಚಿ ಮನೆಗೆ ಹೋಗುವುದೇ ಲೇಸು ಎಂಬ ಅರ್ಥದಲ್ಲಿ ವಾದಿಸಿದರು. ತಿದ್ದುಪಡಿ ಬಿದ್ದುಹೋಯಿತು. ಆ ಎರಡು ಪದಗಳು ಉಳಿದವು.

ಶಾಸಕನ ಕೊಡುಗೆಯನ್ನು ಅಳೆಯಲು ನಮ್ಮಲ್ಲಿ ರೂಢಿಯಲ್ಲಿರುವ ಅಳತೆಗೋಲು ಗೆಲುವಿನದು: ಅಂಗೀಕಾರವಾದ ಮಸೂದೆ, ವಹಿಸಿದ ಖಾತೆ, ಕ್ಷೇತ್ರಕ್ಕೆ ತಂದ ಯೋಜನೆ. ಆ ಅಳತೆಗೆ ಕಾಮತ್ ಸಿಕ್ಕುವುದಿಲ್ಲ. 1907ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅವರು ಐ.ಸಿ.ಎಸ್. ಹುದ್ದೆಗೆ 1938ರಲ್ಲಿ ರಾಜೀನಾಮೆ ಕೊಟ್ಟು ಸುಭಾಷ್ ಚಂದ್ರ ಬೋಸರ ಹಿಂದೆ ಫಾರ್ವರ್ಡ್ ಬ್ಲಾಕ್ ಸೇರಿದರು. ಮಧ್ಯಪ್ರಾಂತ್ಯ ಮತ್ತು ಬೇರಾರ್‌ನಿಂದ ಸಂವಿಧಾನ ರಚನಾ ಸಭೆಗೆ ಬಂದರು. ಮುಂದೆ ಹೋಶಂಗಾಬಾದ್ ಕ್ಷೇತ್ರದಿಂದ ಒಂದನೆಯ, ಮೂರನೆಯ ಮತ್ತು ಆರನೆಯ ಲೋಕಸಭೆಗಳಲ್ಲಿ ಕುಳಿತರು. ಅವರು ಸೂಚಿಸಿದ ತಿದ್ದುಪಡಿಗಳಲ್ಲಿ ಸೋತವೇ ಹೆಚ್ಚು. ಆದರೂ ರಾಷ್ಟ್ರೀಯ ನೀತಿಯ ಚರ್ಚೆಯಲ್ಲಿ ಸೋತ ತಿದ್ದುಪಡಿಗೆ ತನ್ನದೇ ಆದ ಕೆಲಸವೊಂದಿದೆ ಎಂಬುದು ಈ ಲೇಖನದ ವಾದ. ಅಧಿಕಾರವನ್ನು ಕೇಳುವವರು ಅದನ್ನು ಯಾಕಾಗಿ ಕೇಳುತ್ತಿದ್ದೇವೆ, ಎಲ್ಲಿಯವರೆಗೆ ಬಳಸುತ್ತೇವೆ ಎಂಬುದನ್ನು ನಡಾವಳಿಯಲ್ಲಿ ದಾಖಲಾಗುವಂತೆ ಹೇಳಲೇಬೇಕಾದ ಸ್ಥಿತಿಯನ್ನು ಅದು ತರುತ್ತದೆ. ಹಾಗೆ ಹೇಳಿಸಿದ ಮಾತು ಮುಂದೆ ಆ ಅಧಿಕಾರವನ್ನು ಅಳೆಯುವ ಕೋಲಾಗುತ್ತದೆ. ಕಾಮತರ ವಿಷಯದಲ್ಲಿ ಇದನ್ನು ಸಾಕ್ಷ್ಯಸಹಿತ ತೋರಿಸಬಹುದು.

ಮೊದಲು 356ನೇ ವಿಧಿಯನ್ನೇ ನೋಡೋಣ. ‘ಸಾಂವಿಧಾನಿಕ ಯಂತ್ರ ಮುರಿದುಬಿದ್ದಾಗ’ ಎಂಬ ಕಲ್ಪನೆ 1935ರ ಭಾರತ ಸರ್ಕಾರ ಕಾಯ್ದೆಯ 93ನೇ ಕಲಮಿನಿಂದ ಬಂದದ್ದು. ಮೊದಲ ಕರಡಿನಲ್ಲಿ ಈ ಅಧಿಕಾರದ ಮೊದಲ ಹೆಜ್ಜೆ ರಾಜ್ಯಪಾಲರದಾಗಿತ್ತು. ಅವರು ಚುನಾಯಿತರಾಗಿರುವುದಿಲ್ಲ, ನೇಮಕಗೊಂಡವರಾಗಿರುತ್ತಾರೆ ಎಂದು ತೀರ್ಮಾನವಾದ ಮೇಲೆ ಆ ವ್ಯವಸ್ಥೆಯನ್ನು ಕೈಬಿಟ್ಟು ಅಧಿಕಾರವನ್ನು ನೇರವಾಗಿ ರಾಷ್ಟ್ರಪತಿಗೆ ಕೊಡಲಾಯಿತು. ರಾಜ್ಯಗಳನ್ನು ರಕ್ಷಿಸುವ ಕರ್ತವ್ಯವನ್ನು ಇನ್ನೊಂದು ವಿಧಿ ಕೇಂದ್ರದ ಮೇಲೆ ಹೊರಿಸಿದೆ. ಹಾಗಿರುವಾಗ ರಾಜ್ಯಪಾಲರು ವರದಿ ಕಳಿಸಲಿಲ್ಲ ಎಂಬ ಕಾರಣಕ್ಕೆ ಕೇಂದ್ರ ಕೈಕಟ್ಟಿ ಕೂರುವಂತಾಗಬಾರದು ಎಂಬುದು ‘ಅನ್ಯಥಾ’ ಪದಕ್ಕೆ ಅಂಬೇಡ್ಕರ್ ಕೊಟ್ಟ ಸಮರ್ಥನೆ. ತರ್ಕವಾಗಿ ಇದು ಬಲವಾದ ಸಮರ್ಥನೆಯೇ. ಆದರೆ ಕಾಮತ್, ಹೃದಯನಾಥ ಕುಂಜ್ರು ಮುಂತಾದವರು ಚರ್ಚೆಯನ್ನು ಅಲ್ಲಿಗೆ ಬಿಡಲಿಲ್ಲ. ಪ್ರಾಂತ್ಯದಲ್ಲಿ ಒಳ್ಳೆಯ ಆಡಳಿತ ತರುವುದಕ್ಕಾಗಿ ಕೇಂದ್ರ ಈ ವಿಧಿಯಡಿ ಕೈಹಾಕಬಹುದೇ ಎಂದು ಕುಂಜ್ರು ನೇರವಾಗಿ ಕೇಳಿದರು. ಇಲ್ಲ, ಕೇಂದ್ರಕ್ಕೆ ಆ ಅಧಿಕಾರ ಕೊಟ್ಟಿಲ್ಲ, ಪ್ರಾಂತ್ಯದ ಆಡಳಿತ ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನಿಸುವುದು ಕೇಂದ್ರದ ಕೆಲಸವಲ್ಲ ಎಂದು ಅಂಬೇಡ್ಕರ್ ಉತ್ತರಿಸಿದರು. ಆಗಸ್ಟ್ 4ರ ಅದೇ ಉತ್ತರದಲ್ಲಿ ಅವರು ಇನ್ನೂ ಮುಂದೆ ಹೋದರು. ಈ ವಿಧಿಗಳು ರಾಜಕೀಯ ಉದ್ದೇಶಕ್ಕೆ ದುರುಪಯೋಗವಾಗುವ ಸಾಧ್ಯತೆಯನ್ನು ತಾವು ಪೂರ್ತಿ ಅಲ್ಲಗಳೆಯುವುದಿಲ್ಲ ಎಂದರು. ಇವು ಎಂದಿಗೂ ಬಳಕೆಗೆ ಬಾರದೆ ಸತ್ತ ಅಕ್ಷರವಾಗಿಯೇ ಉಳಿಯಲಿ ಎಂದು ಆಶಿಸಿದರು. ಬಳಸಲೇಬೇಕಾಗಿ ಬಂದರೆ ರಾಷ್ಟ್ರಪತಿ ಮೊದಲು ಎಚ್ಚರಿಕೆ ಕೊಡಬೇಕು, ಅದು ಫಲಿಸದಿದ್ದರೆ ಚುನಾವಣೆ ನಡೆಸಿ ಜನರೇ ತೀರ್ಮಾನಿಸುವಂತೆ ಮಾಡಬೇಕು, ಇವೆರಡೂ ವಿಫಲವಾದಾಗ ಮಾತ್ರ ಈ ವಿಧಿಗೆ ಕೈಹಾಕಬೇಕು ಎಂದರು.

ನ್ಯಾಯಾಲಯಗಳೂ ವಿದ್ವಾಂಸರೂ ಮುಂದೆ ಪದೇಪದೇ ಎತ್ತಿಕೊಂಡದ್ದು ಈ ಉತ್ತರವನ್ನೇ, ಅದರಲ್ಲೂ ‘ಸತ್ತ ಅಕ್ಷರ’ ಎಂಬ ಮಾತನ್ನು. ಉತ್ತರ ಪ್ರಸಿದ್ಧವಾಯಿತು, ಅದನ್ನು ಹೊರಡಿಸಿದ ಪ್ರಶ್ನೆಗಳು ಹಿಂದೆ ಸರಿದವು. ಎಚ್ಚರಿಕೆ ಮತ್ತು ಚುನಾವಣೆ ಎಂಬ ಎರಡು ಮೆಟ್ಟಿಲುಗಳು ವಿಧಿಯ ಪಠ್ಯದಲ್ಲಿ ಎಲ್ಲಿಯೂ ಇಲ್ಲ, ಇರುವುದು ಉತ್ತರದಲ್ಲಿ. ಎರಡು ಪದಗಳನ್ನು ತೆಗೆಯಿರಿ ಎಂದು ಒಬ್ಬ ಸದಸ್ಯ ಹಟ ಹಿಡಿಯದೆ, ಇನ್ನೊಬ್ಬರು ಅಧಿಕಾರದ ಎಲ್ಲೆಯನ್ನು ಕೇಳದೆ ಇದ್ದಿದ್ದರೆ ಕರಡು ಸಮಿತಿಯ ಅಧ್ಯಕ್ಷರು ಆ ಎಲ್ಲೆಯನ್ನು ಬಾಯಿಬಿಟ್ಟು ಹೇಳುವ ಸಂದರ್ಭವೇ ಒದಗುತ್ತಿರಲಿಲ್ಲ. ಚರ್ಚೆಯಿಲ್ಲದೆ ಅಂಗೀಕಾರವಾದ ವಿಧಿಯ ಉದ್ದೇಶವನ್ನು ಆಮೇಲೆ ಯಾರೂ ತಮಗೆ ಬೇಕಾದಂತೆ ಊಹಿಸಬಹುದು. ಚರ್ಚೆಯಾದ ವಿಧಿಗೆ ಆ ಸಲಿಗೆ ಇರುವುದಿಲ್ಲ.

ತುರ್ತುಪರಿಸ್ಥಿತಿಯ ವಿಧಿಗಳ ಮೇಲಿನ ಕಾಮತರ ವಾದ ಇದಕ್ಕಿಂತ ತೀಕ್ಷ್ಣವಾಗಿತ್ತು. ಪ್ರಜಾಪ್ರಭುತ್ವ ದೇಶಗಳ ಸಂವಿಧಾನಗಳನ್ನೆಲ್ಲ ಜಾಲಾಡಿದರೂ ಇಂಥ ಅಧ್ಯಾಯಕ್ಕೆ ಸಾಟಿ ಸಿಗಲಿಲ್ಲ, ಹತ್ತಿರ ಬರುವುದು ಜರ್ಮನಿಯ ವೈಮಾರ್ ಸಂವಿಧಾನ ಮಾತ್ರ, ಅದರಲ್ಲಿದ್ದ ಇಂಥವೇ ಅವಕಾಶಗಳನ್ನು ಹಿಡಿದು ಹಿಟ್ಲರ್ ಆ ಸಂವಿಧಾನವನ್ನೇ ನಾಶಮಾಡಿದ ಎಂದು ಅವರು ಸಭೆಗೆ ನೆನಪಿಸಿದರು. ವೈಮಾರ್ ಸಂವಿಧಾನದ 48ನೇ ವಿಧಿ ಏಳು ಮೂಲಭೂತ ಹಕ್ಕುಗಳನ್ನು ಅಮಾನತಿನಲ್ಲಿಡುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಟ್ಟಿತ್ತು; 1933ರ ಫೆಬ್ರವರಿ 28ರ ಸುಗ್ರೀವಾಜ್ಞೆ ಹೊರಬಿದ್ದದ್ದು ಅದರ ಬಲದಿಂದಲೇ. ಮೂಲಭೂತ ಹಕ್ಕುಗಳಿಗಾಗಿ ನ್ಯಾಯಾಲಯದ ಬಾಗಿಲು ತಟ್ಟುವ ಹಕ್ಕನ್ನೇ ತಡೆಹಿಡಿಯುವ ಕರಡು 280ನೇ ವಿಧಿ, ಅಂದರೆ ಇಂದಿನ 359ನೇ ವಿಧಿ, 1949ರ ಆಗಸ್ಟ್ 20ರಂದು ಅಂಗೀಕಾರವಾದಾಗ ಕಾಮತ್ ಅದನ್ನು ನಾಚಿಕೆ ಮತ್ತು ದುಃಖದ ದಿನ ಎಂದು ಕರೆದರು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. 1949ರ ಭಾರತ ಯಾವ ಸ್ಥಿತಿಯಲ್ಲಿತ್ತು? ವಿಭಜನೆಯ ಗಾಯ ಹಸಿಯಾಗಿತ್ತು, ಕಾಶ್ಮೀರದಲ್ಲಿ ಯುದ್ಧ ನಿಂತು ತಿಂಗಳುಗಳಷ್ಟೇ ಆಗಿದ್ದವು, ಹೈದರಾಬಾದಿನ ಪೊಲೀಸ್ ಕಾರ್ಯಾಚರಣೆಗೆ ವರ್ಷ ತುಂಬಿರಲಿಲ್ಲ, ತೆಲಂಗಾಣದಲ್ಲಿ ಸಶಸ್ತ್ರ ಹೋರಾಟ ನಡೆಯುತ್ತಿತ್ತು. ಅಂಥ ಹೊತ್ತಿನಲ್ಲಿ ಕೇಂದ್ರದ ಕೈ ಕಟ್ಟುವ ಮಾತು ಬೇಜವಾಬ್ದಾರಿಯದಲ್ಲವೇ? ಈ ಆಕ್ಷೇಪದಲ್ಲಿ ತೂಕವಿದೆ. ಆದರೆ 356ನೇ ವಿಧಿಯ ಮೇಲೆ ಕಾಮತರ ತಕರಾರು ಇದ್ದದ್ದು ಅಧಿಕಾರ ಎಷ್ಟು ದೊಡ್ಡದು ಎಂಬುದಕ್ಕಿಂತ ಹೆಚ್ಚಾಗಿ ಅದರ ಆಧಾರ ಯಾವುದು ಎಂಬುದರ ಮೇಲೆ. ವರದಿಯೆಂದರೆ ಕಾಗದ; ಸದನ ಅದನ್ನು ಕೇಳಬಹುದು, ಇತಿಹಾಸ ಅದನ್ನು ಓದಬಹುದು. ‘ಅನ್ಯಥಾ’ ಎಂಬುದಕ್ಕೆ ಕಾಗದವೇ ಬೇಕಿಲ್ಲ. ಇನ್ನು ಗಂಡಾಂತರ ಕಳೆದ ಮೇಲೂ ಅಧಿಕಾರ ತಾನಾಗಿ ಹಿಂದೆ ಸರಿಯುವುದಿಲ್ಲ ಎಂಬುದಕ್ಕೆ ಮುಂದಿನ ಚರಿತ್ರೆಯೇ ಸಾಕ್ಷಿ. ಚೀನಾದ ಆಕ್ರಮಣದ ಹಿನ್ನೆಲೆಯಲ್ಲಿ 1962ರ ಅಕ್ಟೋಬರ್ 26ರಂದು ಘೋಷಿಸಿದ ತುರ್ತುಪರಿಸ್ಥಿತಿ, ಆ ವರ್ಷದ ನವೆಂಬರಿನಲ್ಲೇ ಕದನ ನಿಂತರೂ, 1968ರ ಜನವರಿಯವರೆಗೆ ಜಾರಿಯಲ್ಲಿತ್ತು.

ವೈಮಾರ್ ಹೋಲಿಕೆಯೂ ಪ್ರಶ್ನಾತೀತವಲ್ಲ. ಜರ್ಮನಿಯ ಅಧ್ಯಕ್ಷರ ಸ್ಥಾನವೇ ಬೇರೆ, ಮಂತ್ರಿಮಂಡಲದ ಸಲಹೆಯಂತೆ ನಡೆಯುವ ನಮ್ಮ ರಾಷ್ಟ್ರಪತಿಯ ಸ್ಥಾನವೇ ಬೇರೆ ಎಂದು ಹೇಳಬಹುದು, ಅದು ನ್ಯಾಯವಾದ ಮಾತು. ಕಾಮತ್ ಅಪಾಯವನ್ನು ರಾಷ್ಟ್ರಪತಿಯ ಕಡೆಯಿಂದ ನಿರೀಕ್ಷಿಸಿದ್ದರು. ಅದು ಬಂದದ್ದು ಪ್ರಧಾನಿಯ ಕಡೆಯಿಂದ. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದಾಗ ಅವರ ಮುಂದಿದ್ದದ್ದು ಪ್ರಧಾನಿ ಇಂದಿರಾ ಗಾಂಧಿಯವರ ಸಲಹೆ ಮಾತ್ರ. ಮಂತ್ರಿಮಂಡಲಕ್ಕೆ ವಿಷಯ ತಿಳಿದದ್ದು ಮರುದಿನ ಬೆಳಿಗ್ಗೆ. ಮಂತ್ರಿಮಂಡಲವೇ ಕಾವಲು ಎಂಬ ಸಮಾಧಾನ ಕುಸಿದದ್ದು ಅಲ್ಲಿ. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್. ಕೆ. ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಬಂಧಿಸಲಾಯಿತು. ಅವರ ಹೇಬಿಯಸ್ ಕಾರ್ಪಸ್ ಅರ್ಜಿಗಳು ವಿಚಾರಣೆಗೆ ಅರ್ಹ ಎಂದು ಕರ್ನಾಟಕ ಹೈಕೋರ್ಟ್ ಹೇಳಿತು. ಅದನ್ನೂ, ಅಂಥವೇ ಇತರ ಹೈಕೋರ್ಟುಗಳ ಆದೇಶಗಳನ್ನೂ 1976ರ ಏಪ್ರಿಲ್ 28ರಂದು ಜಬಲ್‌ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಾಲ್ಕು–ಒಂದರ ಬಹುಮತದಿಂದ ತಳ್ಳಿಹಾಕಿತು. 359ನೇ ವಿಧಿಯ ಆದೇಶ ಜಾರಿಯಲ್ಲಿರುವಾಗ ಬಂಧನವನ್ನು ಪ್ರಶ್ನಿಸುವ ಹಕ್ಕೇ ಯಾರಿಗೂ ಇಲ್ಲ ಎಂಬುದು ಬಹುಮತದ ನಿಲುವು; ಒಪ್ಪದೆ ಉಳಿದವರು ಎಚ್. ಆರ್. ಖನ್ನಾ ಒಬ್ಬರೇ. 27 ವರ್ಷಗಳ ಹಿಂದೆ ಆಗಸ್ಟ್ 20ರಂದು ಕಾಮತ್ ಆಡಿದ್ದ ಮಾತಿಗೆ ವಸ್ತುರೂಪ ಸಿಕ್ಕಿದ್ದು ಹೀಗೆ. ಅಪಾಯ ಯಾರಿಂದ ಬರುತ್ತದೆ ಎಂಬುದರಲ್ಲಿ ಅವರ ಎಣಿಕೆ ತಪ್ಪಿತ್ತು, ಯಾವ ಬಾಗಿಲಿನಿಂದ ಬರುತ್ತದೆ ಎಂಬುದರಲ್ಲಿ ತಪ್ಪಿರಲಿಲ್ಲ.

ಕಾಮತರ ಮಾತಿನ ಧಾಟಿಯ ಬಗ್ಗೆಯೂ ತಕರಾರಿದೆ. ಅವರು ಬಹಳ ಮಾತನಾಡುತ್ತಿದ್ದರು, ಭಾವಾವೇಶದಿಂದ ಮಾತನಾಡುತ್ತಿದ್ದರು, ಮಾತುಮಾತಿಗೆ ದೇವರನ್ನು ಕರೆಯುತ್ತಿದ್ದರು. ಪೀಠಿಕೆಯನ್ನು ದೇವರ ಹೆಸರಿನಿಂದ ಆರಂಭಿಸಬೇಕೆಂದು 1949ರ ಅಕ್ಟೋಬರ್ 17ರಂದು ಅವರು ಮಂಡಿಸಿದ ತಿದ್ದುಪಡಿ 41ಕ್ಕೆ ಎದುರಾಗಿ 68 ಮತಗಳಿಂದ ಬಿತ್ತು; ಅದನ್ನೂ ಅವರು ಕರಾಳ ದಿನ ಎಂದೇ ಕರೆದರು. ಪ್ರತಿ ಸೋಲೂ ಕರಾಳ ದಿನವಾದರೆ ಯಾವುದು ನಿಜವಾಗಿ ಕರಾಳ ಎಂದು ಕೇಳುವವರಿಗೆ ತಿಳಿಯುವುದು ಹೇಗೆ? ಈ ತಕರಾರನ್ನು ನಾನು ಒಪ್ಪುತ್ತೇನೆ. ಪೀಠಿಕೆಯ ವಿಷಯದಲ್ಲಿ ಸಭೆಯ ತೀರ್ಮಾನವೇ ಸರಿಯಿತ್ತೆಂದೂ ನನಗನ್ನಿಸುತ್ತದೆ, ಏಕೆಂದರೆ ನಂಬಿಕೆಯನ್ನು ಮತಕ್ಕೆ ಹಾಕಿ ಎಲ್ಲರ ಮೇಲೂ ಹೊರಿಸುವುದು ಸರಿಯಲ್ಲ. ಆದರೆ ಧಾಟಿಯನ್ನು ಪಕ್ಕಕ್ಕಿಟ್ಟು ತಿದ್ದುಪಡಿಗಳನ್ನಷ್ಟೇ ಓದಿದರೆ ಬೇರೊಬ್ಬ ಕಾಮತ್ ಕಾಣುತ್ತಾರೆ. ಆಡಳಿತದ ಒಳಗಿದ್ದು ಬಂದ, ಆದೇಶದಲ್ಲಿ ಒಂದು ಪದ ಎಷ್ಟು ಜಾಗ ಬಿಟ್ಟುಕೊಡುತ್ತದೆ ಎಂಬುದನ್ನು ಬಲ್ಲ ಅಧಿಕಾರಿಯ ಕಣ್ಣು ಅದು. ಭಾಷಣ ಉರಿಯುತ್ತದೆ, ತಿದ್ದುಪಡಿ ಎರಡೇ ಪದಗಳದ್ದು.

ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ 1977ರದು. ಆ ವರ್ಷ ಕಾಮತ್ ಜನತಾ ಪಕ್ಷದಿಂದ ಲೋಕಸಭೆಗೆ ಮರಳಿದರು. ಏಪ್ರಿಲಿನಲ್ಲಿ ಅದೇ ಪಕ್ಷದ ಸರ್ಕಾರ ಕಾಂಗ್ರೆಸ್ ಆಡಳಿತದ ಒಂಬತ್ತು ರಾಜ್ಯಗಳಲ್ಲಿ ವಿಧಾನಸಭೆಗಳನ್ನು ವಿಸರ್ಜಿಸಿ 356ನೇ ವಿಧಿಯನ್ನು ಹೇರಿತು. ಗೃಹಮಂತ್ರಿ ಚರಣ್ ಸಿಂಗ್ ಆ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಬರೆದ ಪತ್ರದಿಂದ ಅದು ಶುರುವಾಯಿತು. ಲೋಕಸಭಾ ಚುನಾವಣೆಯಲ್ಲಿ ಸೋತ ಪಕ್ಷ ಆ ರಾಜ್ಯಗಳಲ್ಲಿ ಜನರ ವಿಶ್ವಾಸ ಕಳೆದುಕೊಂಡಿದೆ ಎಂಬುದು ಕಾರಣ. ರಾಜ್ಯಪಾಲರ ವರದಿಗಳು ಅದಕ್ಕೆ ತಳಹದಿಯಾಗಿರಲಿಲ್ಲ. ಕಾಮತ್ ತೆಗೆಯಬೇಕೆಂದಿದ್ದ ಆ ಎರಡು ಪದಗಳ ಮೇಲೆಯೇ ಅವರ ಸ್ವಂತ ಪಕ್ಷ ನಿಂತಿತ್ತು. 1980ರಲ್ಲಿ ಅಧಿಕಾರಕ್ಕೆ ಮರಳಿದ ಕಾಂಗ್ರೆಸ್ ಒಂಬತ್ತು ರಾಜ್ಯಗಳಲ್ಲಿ ಅದನ್ನೇ ಮಾಡಿತು. ಇದು ಕಾಮತರ ವಾದವನ್ನು ಕುಗ್ಗಿಸುತ್ತದೆಯೇ? ಪಕ್ಷದ ಸದಸ್ಯನಾಗಿ ಅವರ ಮೇಲೆ ಇದರ ಭಾರ ಬೀಳುತ್ತದೆ, ಅದನ್ನು ಮರೆಮಾಚಬೇಕಿಲ್ಲ. ಆದರೆ 1949ರ ವಾದ ಯಾವ ಪಕ್ಷ ಒಳ್ಳೆಯದು, ಯಾವುದು ಕೆಟ್ಟದು ಎಂಬುದರ ಮೇಲೆ ನಿಂತಿರಲಿಲ್ಲ. ತೆರೆದಿಟ್ಟ ಬಾಗಿಲನ್ನು ಯಾರು ಬೇಕಾದರೂ ದಾಟುತ್ತಾರೆ ಎಂಬುದೇ ಅದರ ತಿರುಳು. ಆ ಬಾಗಿಲನ್ನು ಅವರದೇ ಪಕ್ಷ ದಾಟಿದ್ದು ವಾದಕ್ಕೆ ಸಿಕ್ಕ ಅತ್ಯಂತ ಕಹಿ ಪುರಾವೆ.

ಕಾಮತರ ವಾದದಲ್ಲಿ ಇನ್ನೊಂದು ಬಿರುಕಿತ್ತು, ಅದು ಬಯಲಾದದ್ದು ಕರ್ನಾಟಕದಲ್ಲಿ. ಅವರು ರಾಜ್ಯಪಾಲರ ವರದಿಯನ್ನು ಸಾಕಷ್ಟು ಭದ್ರವಾದ ತಡೆಯೆಂದು ನಂಬಿದ್ದರು. 1989ರ ಏಪ್ರಿಲಿನಲ್ಲಿ ಎಸ್. ಆರ್. ಬೊಮ್ಮಾಯಿ ಸರ್ಕಾರಕ್ಕೆ ಬೆಂಬಲ ಹಿಂತೆಗೆದುಕೊಳ್ಳುವ 19 ಶಾಸಕರ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈಸೇರಿದವು. ಅವರು ದೆಹಲಿಗೆ ವರದಿ ಕಳಿಸಿದರು. ಆ 19 ಮಂದಿಯಲ್ಲಿ ಏಳು ಜನ, ತಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆಯಲಾಗಿದೆ ಎಂದು ಮತ್ತೆ ಬರೆದರು. ಸದನದಲ್ಲಿ ಬಹುಮತ ತೋರಿಸಲು ಮುಖ್ಯಮಂತ್ರಿ ಸಿದ್ಧರಿದ್ದರೂ ಅವಕಾಶ ಸಿಗಲಿಲ್ಲ. ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು. ಇಲ್ಲಿ ‘ಅನ್ಯಥಾ’ ಇಲ್ಲ, ವರದಿಯೇ ಇದೆ. ಕಾಗದವಿದ್ದ ಮಾತ್ರಕ್ಕೆ ಕಾವಲು ಸಿಕ್ಕಂತಲ್ಲ, ಆ ಕಾಗದವನ್ನು ಯಾರಾದರೂ ಪರಿಶೀಲಿಸಬೇಕು ಎಂಬುದು ಕಾಮತರ ವಾದ ಮುಟ್ಟದೆ ಬಿಟ್ಟ ಜಾಗ. ಅದನ್ನು ತುಂಬಿದ್ದು ಸುಪ್ರೀಂ ಕೋರ್ಟಿನ 1994ರ ಮಾರ್ಚ್ 11ರ ಬೊಮ್ಮಾಯಿ ತೀರ್ಪು. 356ನೇ ವಿಧಿ 90ಕ್ಕೂ ಹೆಚ್ಚು ಬಾರಿ ಬಳಕೆಯಾಗಿದ್ದ ಹೊತ್ತಿಗೆ ಬಂದ ಆ ತೀರ್ಪಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ, ರಾಷ್ಟ್ರಪತಿಯ ಮನವರಿಕೆಗೆ ಆಧಾರವಾದ ಸಾಮಗ್ರಿ ಏನಿತ್ತು ಎಂದು ನ್ಯಾಯಾಲಯ ಕೇಳಬಹುದು, ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು ಎಂದಿತು.

ಸೋತ ತಿದ್ದುಪಡಿಗೂ ಮುಂದಿನ ಬದಲಾವಣೆಗೂ ಕಾರಣ–ಪರಿಣಾಮದ ನೇರ ನಂಟು ಕಟ್ಟುವುದು ತಪ್ಪಾಗುತ್ತದೆ. 44ನೇ ತಿದ್ದುಪಡಿಯನ್ನು ತಂದದ್ದು ತುರ್ತುಪರಿಸ್ಥಿತಿಯ ಅನುಭವ, 1949ರ ಭಾಷಣವಲ್ಲ. ಆದರೆ ಆ ಅನುಭವ ಎಲ್ಲಿಗೆ ಬೊಟ್ಟು ಮಾಡಿತೋ ಕಾಮತ್ ಬೊಟ್ಟು ಮಾಡಿದ್ದೂ ಬಹುಪಾಲು ಅಲ್ಲಿಗೇ. 1978ರಲ್ಲಿ ಸಂಸತ್ತು ಒಪ್ಪಿದ ಆ ತಿದ್ದುಪಡಿ 352ನೇ ವಿಧಿಯ ‘ಆಂತರಿಕ ಗಲಭೆ’ಯನ್ನು ತೆಗೆದು ‘ಸಶಸ್ತ್ರ ಬಂಡಾಯ’ವನ್ನು ಇಟ್ಟಿತು, ಮಂತ್ರಿಮಂಡಲದ ತೀರ್ಮಾನವನ್ನು ಲಿಖಿತವಾಗಿ ತಿಳಿಸದೆ ರಾಷ್ಟ್ರಪತಿ ಘೋಷಣೆ ಹೊರಡಿಸುವಂತಿಲ್ಲ ಎಂದಿತು, 359ನೇ ವಿಧಿಯಡಿ 20 ಮತ್ತು 21ನೇ ವಿಧಿಗಳ ಹಕ್ಕುಗಳನ್ನು ಮುಟ್ಟುವಂತಿಲ್ಲ ಎಂದಿತು, ರಾಷ್ಟ್ರಪತಿಯ ಮನವರಿಕೆಯೇ ಅಂತಿಮ ಎಂದು 1975ರಲ್ಲಿ ಸೇರಿಸಿದ್ದ ಮಾತನ್ನು ಅಳಿಸಿತು. ಆ ಲೋಕಸಭೆಯಲ್ಲಿ ಹೋಶಂಗಾಬಾದಿನ ಸದಸ್ಯರಾಗಿ ಕಾಮತ್ ಇದ್ದರು, ವಯಸ್ಸು ಎಪ್ಪತ್ತು ದಾಟಿತ್ತು. 356ನೇ ವಿಧಿಯ ಅವಧಿಯ ಮಿತಿಯೂ ಅಂದು ಬಿಗಿಯಾಯಿತು. ಅದರ ಒಂದನೆಯ ಖಂಡದಲ್ಲಿ, ರಾಜ್ಯಪಾಲರ ವರದಿಯ ಪಕ್ಕದಲ್ಲಿ, ‘ಅಥವಾ ಅನ್ಯಥಾ’ ಮಾತ್ರ ಹಾಗೆಯೇ ಉಳಿಯಿತು. ಈಗಲೂ ಅದು ಅಲ್ಲಿಯೇ ಇದೆ.