ಊದಿದ ಪಾಲಿಥಿನ್ ಹಾಳೆಯಲ್ಲಿ 200 ಕಮಾನು: ಒಂದು ಮರುಪರಿಶೀಲನೆ

ಪಾಲಿಥಿನ್ ಸ್ಫಟಿಕದ ರಚನೆಯ ಬಗ್ಗೆ ತಕರಾರಿಲ್ಲ. 1939ರಲ್ಲಿ ಬನ್ ಎಕ್ಸ್-ಕಿರಣ ವಿವರ್ತನೆಯಿಂದ ಕಂಡುಕೊಟ್ಟ ಆರ್ಥೊರಾಂಬಿಕ್ ಕೋಶವೇ (ಎ 7.40, ಬಿ 4.93, ಸಿ 2.53 ಆಂಗ್‌ಸ್ಟ್ರಾಮ್) ಇಂದಿಗೂ ಆಧಾರ; ಅಣುಸರಪಳಿ ಸಿ-ಅಕ್ಷದ ಗುಂಟ ಚಾಚಿಕೊಂಡಿರುತ್ತದೆ. ಊದಿದ ಹಾಳೆಯಲ್ಲಿ ಈ ಸ್ಫಟಿಕಗಳು ಯಾವ ಕಡೆ ಮುಖಮಾಡಿವೆ ಎಂಬಲ್ಲಿ ಮಾತ್ರ ಒಮ್ಮತ ಸಡಿಲವಾಗುತ್ತದೆ. ಇಂಥ ಹಾಳೆಗಳಲ್ಲಿ 200 ಪ್ರತಿಫಲನದ ಕಮಾನು ಹಲವು ಬಾರಿ ಮೆರಿಡಿಯನ್ ಮೇಲೆ, ಅಂದರೆ ಎಳೆತದ ದಿಕ್ಕಿನಲ್ಲಿ, ದಟ್ಟವಾಗಿ ಕಾಣುತ್ತದೆ. ಎ-ಅಕ್ಷ ಎಳೆತಕ್ಕೆ ಸಮಾಂತರ ಎಂದು ಹೋಮ್ಸ್, ಬನ್ ಮತ್ತು ಸಂಗಡಿಗರು 1953ರಲ್ಲಿ ಓದಿದರು. ಕೆಲ್ಲರ್ ಮತ್ತು ಮಾಚಿನ್ 1967ರಲ್ಲಿ ಬೇರೆ ವಿವರಣೆ ಕೊಟ್ಟರು: ಎಳೆತ ಸೌಮ್ಯವಾಗಿದ್ದಾಗ ಸಾಲುಬೀಜಗಳಿಂದ ಲ್ಯಾಮೆಲ್ಲಾಗಳು ಬಿ-ಅಕ್ಷದ ಗುಂಟ ಪಕ್ಕಕ್ಕೆ ಬೆಳೆಯುತ್ತವೆ, ಬೆಳೆಯುತ್ತಲೇ ತಿರುಚಿಕೊಳ್ಳುತ್ತವೆ. ಆದರೂ ಕಮಾನು ಕಂಡೊಡನೆ ‘ಎ-ಅಕ್ಷ ಸಮಾಂತರ’ ಎಂದು ಬರೆದುಬಿಡುವ ಆತುರ ಹೋಗಿಲ್ಲ.

ತಿರುಚು ಪೂರ್ಣವಾಗಿದ್ದರೆ ಎ ಮತ್ತು ಸಿ ಎರಡೂ ಬಿ-ಅಕ್ಷದ ಸುತ್ತ ಸಮನಾಗಿ ಸುತ್ತುತ್ತವೆ. ಆಗ ಎಳೆತದ ದಿಕ್ಕಿನೊಡನೆ ಎರಡೂ ಮಾಡುವ ಕೋನದ ಕೊಸೈನ್ ವರ್ಗದ ಸರಾಸರಿ 0.5; ಬಿ-ಅಕ್ಷದ್ದು ಸೊನ್ನೆ. ಹರ್ಮನ್ಸ್ ಅಂಶಗಳು ಎ ಮತ್ತು ಸಿ-ಗೆ 0.25, ಬಿ-ಗೆ -0.5. ಎ-ಅಕ್ಷಕ್ಕೆ ಯಾವ ವಿಶೇಷ ಒಲವೂ ಇಲ್ಲ. ಹಾಗಾದರೆ ಕಮಾನು ಎಲ್ಲಿಂದ ಬಂತು? ಭೂಗೋಳದ ರೇಖಾಂಶಗಳು ಧ್ರುವದ ಬಳಿ ಒತ್ತೊತ್ತಾಗುವಂತೆ, ಕೋನದಲ್ಲಿ ಸಮನಾಗಿ ಹಂಚಿದ ಎ-ಅಕ್ಷಗಳೂ ಗೋಳದ ಮೇಲೆ ಎಳೆತದ ತುದಿಯಲ್ಲಿ ದಟ್ಟೈಸುತ್ತವೆ. ತೀವ್ರತೆ ಕೋನದ ಸೈನ್‌ಗೆ ವಿಲೋಮವಾಗಿ ಏರುತ್ತದೆ. ಕಮಾನಿನ ಬಹುಪಾಲು ಬರಿಯ ಜ್ಯಾಮಿತಿಯ ಫಲವಾಗಿರಬಹುದು ಎಂಬುದೇ ನನ್ನ ವಾದ. ‘ಇರಬಹುದು’ ಎಂದದ್ದು ಬೇಕೆಂದೇ: ಈ ಲೆಕ್ಕ ಆದರ್ಶ ತಿರುಚಿಗೆ, ಅದೂ ಸ್ಫಟಿಕ ಭಾಗಕ್ಕೆ ಮಾತ್ರ ಹೊಂದುತ್ತದೆ.

110 ಪ್ರತಿಫಲನವನ್ನು ಜೊತೆಗಿಟ್ಟು ನೋಡಬೇಕು. ಅದರ ಲಂಬ ಎ-ಅಕ್ಷದಿಂದ 56.3 ಡಿಗ್ರಿ ಓರೆ. ಎ-ಅಕ್ಷ ನಿಜಕ್ಕೂ ಎಳೆತಕ್ಕೆ ಅಂಟಿಕೊಂಡಿದ್ದರೆ 110ರ ತೀವ್ರತೆ ಮೆರಿಡಿಯನ್‌ನಿಂದ ಅಷ್ಟೇ ದೂರದಲ್ಲಿ ಗುಂಪುಗೂಡಬೇಕು. ತಿರುಚಿದ್ದರೆ ಅಲ್ಲಿಂದ ಸಮಭಾಜಕದವರೆಗೂ ಹರಡಬೇಕು. 020 ದುರ್ಬಲವಾದ್ದರಿಂದ ಬಿ-ಅಕ್ಷದ ಸರಾಸರಿಯನ್ನು 200 ಮತ್ತು 110ರಿಂದಲೇ, ವಿಲ್ಚಿನ್‌ಸ್ಕಿ ವಿಧಾನದಲ್ಲಿ, ಪಡೆಯುವುದು ವಾಡಿಕೆ. ಇದರಲ್ಲಿ 110ರ ತಪ್ಪು ಸುಮಾರು 1.44 ಪಟ್ಟು ಹಿಗ್ಗುತ್ತದೆ. ತಾಮ್ರದ ಕಿರಣದಲ್ಲಿ 110 ಬೀಳುವುದು ಸುಮಾರು 21.6 ಡಿಗ್ರಿಯಲ್ಲಿ, ಅಸ್ಫಟಿಕ ಭಾಗದ ಅಗಲ ದಿಬ್ಬದ ಮಗ್ಗುಲಿಗೇ. ಹಿನ್ನೆಲೆ ಕಳೆಯುವಾಗ ತುಸು ಉದಾರವಾದರೂ ಅಂಶ ಬದಲಾಗುತ್ತದೆ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಅರ್ಧ ಸ್ಫಟಿಕಗಳಲ್ಲಿ ಎ, ಉಳಿದರ್ಧದಲ್ಲಿ ಸಿ ಎಳೆತಕ್ಕೆ ಸಮಾಂತರವಾಗಿರುವ ಮಿಶ್ರಣವೂ ಇವೇ ಸರಾಸರಿಗಳನ್ನು ಕೊಡುತ್ತದೆ. ಎರಡನ್ನೂ ಬೇರ್ಪಡಿಸಲು ನಡುಕೋನಗಳಲ್ಲಿ, ಉದಾಹರಣೆಗೆ 45 ಡಿಗ್ರಿಯಲ್ಲಿ, 200ರ ತೀವ್ರತೆಯನ್ನು ಅಳೆಯಬೇಕು. ತಿರುಚು ಅರೆಬರೆಯಾದ ಹಾಳೆಗಳಲ್ಲಿ ಆ ಅಳತೆಯೂ ಸಾಲದು. ಪೂರ್ಣ ಧ್ರುವಚಿತ್ರ ಬೇಕಾದೀತು.