ಮಡಿಕೇರಿಗೆ ಬಂದ ಒಂದು ಸಂದೇಶ



ಪ್ರತಿ ವರ್ಷ ಜನವರಿ 15ರಂದು ಭಾರತದಲ್ಲಿ ಸೇನಾ ದಿನ. 1949ರಲ್ಲಿ ಅದೇ ದಿನ ಕೊಡಗಿನ ಕೋದಂಡೇರ ಮಾದಪ್ಪ ಕಾರ್ಯಪ್ಪನವರು ಬ್ರಿಟಿಷ್ ಜನರಲ್ ರಾಯ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡು ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು.

ಆಸ್ಟ್ರೇಲಿಯಾದಲ್ಲಿ ನೆಲೆಸಿದ ನಮಗೆ ಅವರು ಇನ್ನೊಂದು ಕಾರಣಕ್ಕೂ ಹತ್ತಿರದವರು. ಸೇನೆಯಿಂದ ನಿವೃತ್ತರಾದ ಮೇಲೆ, 1953ರಿಂದ 1956ರವರೆಗೆ, ಅವರು ಈ ದೇಶದಲ್ಲಿ ಭಾರತದ ಹೈಕಮಿಷನರ್ ಆಗಿದ್ದರು. ಬಿಳಿಯರಲ್ಲದವರಿಗೆ ಇಲ್ಲಿನ ಬಾಗಿಲು ಮುಚ್ಚಿದ್ದ ಕಾಲವದು. ಆ ನೀತಿಯನ್ನು ಅವರು ಬಹಿರಂಗವಾಗಿಯೇ ಟೀಕಿಸಿದರು. ಇಂದು ಅದೇ ನೆಲದಲ್ಲಿ ಮನೆ ಮಾಡಿಕೊಂಡು ಕನ್ನಡ ಪುಸ್ತಕಗಳ ಬಗ್ಗೆ ಹರಟುವ ನಾವು ಇದನ್ನು ನೆನೆಯಬೇಕು.

ಆದರೆ ಈ ಸಲ ನಾವು ಬರೆಯಹೊರಟದ್ದು ತಂದೆ ಕಾರ್ಯಪ್ಪನವರ ಬಗ್ಗೆ. 1937ರಲ್ಲಿ ಮದುವೆಯಾದ ಅವರ ದಾಂಪತ್ಯ ಬಹುಕಾಲ ಬಾಳಲಿಲ್ಲ. ಪತ್ನಿ ಬೇರೆಯಾದರು, ಕೆಲವೇ ವರ್ಷಗಳಲ್ಲಿ ಅಪಘಾತದಲ್ಲಿ ತೀರಿಕೊಂಡರು. ಒಬ್ಬ ಮಗ, ಒಬ್ಬ ಮಗಳು. ಇಬ್ಬರ ಹೊಣೆಯೂ ತಂದೆಯದೇ ಆಯಿತು. ಮನೆಯಲ್ಲಿ ಶಿಸ್ತು ಬಹಳ. ಮಗ ಮುಂದೆ ನೆನಪಿಸಿಕೊಂಡ ಒಂದು ಘಟನೆ ಹೀಗಿದೆ: ದೆಹಲಿಯಲ್ಲಿ ಒಂದು ದಿನ ಶಾಲೆಗೆ ಕರೆದೊಯ್ಯುವ ವಾಹನ ಬರಲಿಲ್ಲ. ಸಹಾಯಕ ಅಧಿಕಾರಿಯೊಬ್ಬರು ಮಕ್ಕಳನ್ನು ಸರ್ಕಾರಿ ಕಾರಿನಲ್ಲಿ ಕಳಿಸಿದರು. ಸುದ್ದಿ ತಿಳಿದ ತಂದೆ ಸಿಟ್ಟಾಗಿ, ಅದರ ಖರ್ಚನ್ನು ತಮ್ಮ ಸ್ವಂತ ಲೆಕ್ಕಕ್ಕೆ ಹಾಕಿಸಿದರು.

ಅದೇ ಹುಡುಗ, ಮನೆಯವರ ಬಾಯಲ್ಲಿ ನಂದ, ಬೆಳೆದು ವಾಯುಪಡೆ ಸೇರಿದ. 1965ರ ಯುದ್ಧ ಇನ್ನೇನು ಮುಗಿಯಿತು ಎನ್ನುವಾಗ, ಸೆಪ್ಟೆಂಬರ್ 22ರಂದು, ಅವನ ಹಂಟರ್ ವಿಮಾನಕ್ಕೆ ಗುಂಡು ತಗುಲಿತು. ಪ್ಯಾರಾಚೂಟ್‌ನಿಂದ ಇಳಿದವನ ಬೆನ್ನಿಗೆ ಪೆಟ್ಟಾಗಿತ್ತು. ಪಾಕಿಸ್ತಾನಕ್ಕೆ ಸೆರೆಯಾದ. ಕದನವಿರಾಮಕ್ಕೆ ಕೆಲವೇ ಗಂಟೆ ಉಳಿದಿತ್ತು.

ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದವರು ಅಯೂಬ್ ಖಾನ್. ದೇಶ ಒಡೆಯುವ ಮುನ್ನ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಹಳೆಯ ಗೌರವದಿಂದ ಅವರು ದೆಹಲಿಯ ತಮ್ಮ ಹೈಕಮಿಷನರ್ ಮೂಲಕ ಸಂದೇಶ ಕಳಿಸಿದರು: ಮಗ ಕ್ಷೇಮ, ಬೇಕೆಂದರೆ ಬಿಡುಗಡೆ ಮಾಡುತ್ತೇವೆ. ಕಾರ್ಯಪ್ಪನವರು ಒಪ್ಪಲಿಲ್ಲ. ಸೆರೆಯಲ್ಲಿರುವ ಸೈನಿಕರೆಲ್ಲ ತಮ್ಮ ಮಕ್ಕಳೇ, ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಿ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂಬುದು ಅವರ ಉತ್ತರದ ಸಾರ.

ನಮ್ಮ ಬಳಗದಲ್ಲಿ ಈ ಪ್ರಸಂಗ ಬಂದಾಗಲೆಲ್ಲ ಮಾತು ಎರಡಾಗುತ್ತದೆ. ಎಂಥ ಆದರ್ಶ ಎನ್ನುವವರು ಕೆಲವರು. ಹೆತ್ತ ಕರುಳಿಗೆ ಇದು ಹೇಗೆ ಸಾಧ್ಯ ಎನ್ನುವವರು ಹಲವರು. ದೂರದೇಶದಲ್ಲಿರುವ ನಮಗೆ ಊರಿನಿಂದ ಅಪರಾತ್ರಿಯ ಫೋನ್ ಬಂದರೇ ಎದೆ ಝಲ್ಲೆನ್ನುತ್ತದೆ. ಮಗನ ಬೆನ್ನು ಪೆಟ್ಟಾಗಿರುವಾಗ, ಒಂದು ಮಾತಿಗೆ ಅವನು ಮನೆಗೆ ಬರುವ ಹಾಗಿರುವಾಗ, ಬೇಡ ಎಂದ ತಂದೆಗೆ ಆ ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ. ಆದರೆ ಉಳಿದ ಸೆರೆಯಾಳುಗಳ ಮನೆಗಳಲ್ಲೂ ಯಾರಿಗೂ ನಿದ್ದೆ ಇರಲಿಲ್ಲ. ಅವರಿಗೆ ಅಯೂಬ್ ಖಾನರ ಪರಿಚಯವೂ ಇರಲಿಲ್ಲ. ಸರ್ಕಾರಿ ಕಾರಿನ ಲೆಕ್ಕ ಕೊಟ್ಟ ಮನುಷ್ಯ ಈ ಲೆಕ್ಕವನ್ನೂ ಹಾಗೆಯೇ ಕೊಟ್ಟರು ಎಂದು ನಮಗೆ ತೋರುತ್ತದೆ.

ನಾಲ್ಕು ತಿಂಗಳ ನಂತರ, 1966ರ ಜನವರಿಯಲ್ಲಿ, ನಂದ ಹಿಂತಿರುಗಿದರು. ಮುಂದೆ ಏರ್ ಮಾರ್ಷಲ್ ಆಗಿ ನಿವೃತ್ತರಾದರು. ಕಾರ್ಯಪ್ಪನವರಿಗೆ 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಬಂತು. ಮಡಿಕೇರಿಯ ತಮ್ಮ ಮನೆ 'ರೋಶನಾರಾ'ದಲ್ಲಿ ವೃದ್ಧಾಪ್ಯ ಕಳೆದ ಅವರು 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಆ ತಂದೆ ಮಾಡಿದ್ದು ಸರಿಯೇ ಎಂದು ತೀರ್ಪು ಕೊಡುವ ಅರ್ಹತೆ ಯಾರಿಗಾದರೂ ಇದ್ದರೆ ಅದು ಸೆರೆಯಲ್ಲಿದ್ದ ಮಗನಿಗೆ. 2007ರಲ್ಲಿ ತಂದೆಯ ಜೀವನಚರಿತ್ರೆಯನ್ನು ಬರೆದು ಪ್ರಕಟಿಸಿದವರು ಅದೇ ಮಗ.