ಒಂದಂಗುಲಕ್ಕೆ ಇಪ್ಪತ್ತು ಸರಪಳಿ

ಹಳೆಯ ಗ್ರಾಮನಕ್ಷೆಯೊಂದನ್ನು ಸ್ಕ್ಯಾನ್ ಮಾಡಿ ಆಟೋಕ್ಯಾಡ್‌ನಂಥ ತಂತ್ರಾಂಶದಲ್ಲಿ ತೆರೆದಾಗ ಮೊದಲು ಎದುರಾಗುವುದು ಪ್ರಮಾಣದ ಪ್ರಶ್ನೆ. ಕಾಗದದ ಮೇಲಿನ ಒಂದು ಮಾನ ನೆಲದ ಮೇಲಿನ ಎಷ್ಟು ಮಾನಕ್ಕೆ ಸಮ ಎಂಬುದನ್ನು ನಾವು ತಿಳಿಸಬೇಕು. ಸಿದ್ಧಪಟ್ಟಿಯಲ್ಲಿರುವುದು 1:10, 1:50, 1:100ರಂಥ ದುಂಡು ಸಂಖ್ಯೆಗಳು; ಜೊತೆಗೆ ಕಾಲಂಗುಲಕ್ಕೆ ಒಂದಡಿ, ಅರ್ಧಂಗುಲಕ್ಕೆ ಒಂದಡಿ ಎಂಬ ಕಟ್ಟಡದ ನಕ್ಷೆಗಾರರ ಅಳತೆಗಳು. ಕರ್ನಾಟಕದ ಗ್ರಾಮನಕ್ಷೆಗಳ ಪ್ರಮಾಣವಾದ 1:7920 ಅಲ್ಲಿ ಕಾಣಿಸದು. ಅದನ್ನು ಹೊಸದಾಗಿ ಹೆಸರಿಟ್ಟು, ಎಡಕ್ಕೆ 1, ಬಲಕ್ಕೆ 7920 ಎಂದು ನಾವೇ ಬರೆದು ಸೇರಿಸಬೇಕಾಗುತ್ತದೆ.

ನೋಡಿದರೆ ಇದೆಂಥ ವಿಚಿತ್ರ ಸಂಖ್ಯೆ ಎನಿಸುತ್ತದೆ. ಆದರೆ 7920 ಅಂಗುಲವೆಂದರೆ 660 ಅಡಿ. 660 ಅಡಿಯೆಂದರೆ ಮೂವತ್ತಮೂರು ಅಡಿಯ ಇಪ್ಪತ್ತು ಸರಪಳಿ. ಮೂವತ್ತಮೂರು ಅಡಿಯ ಚೌಕವೇ ಒಂದು ಗುಂಟೆ, ಅಂದರೆ 1089 ಚದರಡಿ. ನಕ್ಷೆಯ ಮೇಲಿನ ಒಂದು ಚದರಂಗುಲಕ್ಕೆ ಇಪ್ಪತ್ತು ಇಪ್ಪತ್ತಲೆ ನಾನೂರು ಗುಂಟೆ, ಸರಿಯಾಗಿ ಹತ್ತು ಎಕರೆ. ಕಾಗದದ ಮೇಲೆ ಅಂಗುಲದ ಚೌಕಗಳನ್ನು ಎಣಿಸಬಲ್ಲವನು ಊರಿನ ವಿಸ್ತೀರ್ಣವನ್ನೂ ಹೇಳಬಲ್ಲವನಾಗಿದ್ದ. ಇದಕ್ಕಿಂತ ದುಂಡಾದ ಸಂಖ್ಯೆ ಬೇರೆ ಯಾವುದಿದ್ದೀತು?

ಎಕರೆಯನ್ನು ಸರಪಳಿಯೊಳಗೆ ಕೂಡಿಸಿದ ಕೀರ್ತಿ ಇಂಗ್ಲೆಂಡಿನ ಎಡ್ಮಂಡ್ ಗಂಟರ್‌ನದು. 1620ರ ಸುಮಾರಿಗೆ ಆತ ರೂಪಿಸಿದ ಸರಪಳಿಗೆ 66 ಅಡಿ, 100 ಕೊಂಡಿ. ಹತ್ತು ಚದರ ಸರಪಳಿಗೆ ಒಂದು ಎಕರೆ. ಮುಂಬಯಿ ಪ್ರಾಂತದ ಕಂದಾಯ ಭೂಮಾಪನದಲ್ಲಿ ಬಳಕೆಗೆ ಬಂದದ್ದು ಇದರ ಅರ್ಧದುದ್ದದ ಸರಪಳಿ. ಅದನ್ನು ನೂರಾಗಿ ಅಲ್ಲ, ಹದಿನಾರು ಆಣೆಯಾಗಿ ವಿಭಾಗಿಸಿದರು. ಹೊಲದ ಉದ್ದಗಲಗಳನ್ನು ಸರಪಳಿ, ಆಣೆಗಳಲ್ಲಿ ಬರೆದು ಗುಣಿಸಿದರೆ ಉತ್ತರ ನೇರವಾಗಿ ಗುಂಟೆ, ಆಣೆಗಳಲ್ಲೇ ಬರುತ್ತದೆ. ರೂಪಾಯಿಯನ್ನು ಹದಿನಾರರಲ್ಲಿ ಒಡೆದು ಬಲ್ಲ ಕುಲಕರ್ಣಿಗೂ ಶಾನುಭೋಗನಿಗೂ ಹೊಸ ಗಣಿತ ಕಲಿಯುವ ಪ್ರಮೇಯವೇ ಬರಲಿಲ್ಲ. ಪರದೇಶದ ಎಕರೆಯನ್ನು ನಮ್ಮ ಮಗ್ಗಿಗೆ ಹೊಂದಿಸಿದ ಈ ಜಾಣ್ಮೆಗೆ ಇತಿಹಾಸದ ಪುಸ್ತಕಗಳಲ್ಲಿ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲವೆಂದೇ ನಮ್ಮ ಅಭಿಪ್ರಾಯ.

ಈ ಪದ್ಧತಿ ಒಂದೇ ಏಟಿಗೆ ನೆಲೆಗೊಂಡದ್ದಲ್ಲ. ಪುಣೆ ಸೀಮೆಯಲ್ಲಿ ಪ್ರಿಂಗಲ್ ನಡೆಸಿದ ಮೊದಲ ಭೂಮಾಪನ ವಿಫಲವಾಯಿತು: ಅಳತೆ ನಂಬುವಂತಿರಲಿಲ್ಲ, ಕಂದಾಯ ರೈತನಿಗೆ ಹೊರಲಾಗದ ಹೊರೆಯಾಯಿತು. ಬಳಿಕ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಅದೇ ಸೀಮೆಯ ಇಂದಾಪುರದಲ್ಲಿ ಕೆಲಸವನ್ನು ಹೊಸದಾಗಿ ಆರಂಭಿಸಿದರು. ಅಲ್ಲಿ ರೂಪುಗೊಂಡ ಕ್ರಮವು ಧಾರವಾಡ, ಬೆಳಗಾವಿಗಳಿಗೆ ಹಬ್ಬಿತು. 1847ರ ಜಂಟಿ ವರದಿಯಲ್ಲಿ ನಿಯಮಗಳ ರೂಪ ತಾಳಿತು. 1863ರಲ್ಲಿ ಮೈಸೂರು ಸಂಸ್ಥಾನವನ್ನೂ ಪ್ರವೇಶಿಸಿತು. ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಾದರೋ ಎಕರೆಯನ್ನು ನೂರು ಸೆಂಟ್ಸಾಗಿ ಒಡೆದರು. ಮಂಗಳೂರಿನವರು ಸೆಂಟ್ಸಿನಲ್ಲಿಯೂ ಮಂಡ್ಯದವರು ಗುಂಟೆಯಲ್ಲಿಯೂ ಮಾತಾಡುವುದು ಇಂದಿಗೂ ತಪ್ಪಿಲ್ಲ. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ನಂತರ ದೇಶದ ಭೂಪಟಗಳು ಅಂಗುಲಕ್ಕೆ ಮೈಲಿ ಎಂಬ 1:63,360ನ್ನು ಬಿಟ್ಟು 1:50,000ಕ್ಕೆ ಹೊರಳಿದವು. 1957ರಲ್ಲಿ ಆಣೆಗೆ ನಾಣ್ಯಪದ್ಧತಿಯಲ್ಲಿ ಸ್ಥಾನವಿಲ್ಲದಂತಾಯಿತು. ಪಹಣಿ ಮಾತ್ರ ಎಕರೆ, ಗುಂಟೆಗಳನ್ನು ಬಿಡಲಿಲ್ಲ.

ಹೊರನಾಡಿನಲ್ಲಿ ನೆಲಸಿರುವ ನಮಗೆ ಈ ಲೆಕ್ಕ ಬೇಕಾಗುವುದು ಸಾಮಾನ್ಯವಾಗಿ ಹಿಸ್ಸೆಯ ಮಾತು ಬಂದಾಗ. ಊರಿನಿಂದ ಯಾರೋ ನಕ್ಷೆಯ ಫೋಟೋ ತೆಗೆದು ಫೋನಿಗೆ ಕಳುಹಿಸುತ್ತಾರೆ. ಇಲ್ಲಿ ಕಂಪ್ಯೂಟರ್ ಬಲ್ಲ ಮಗನೋ ಸೊಸೆಯೋ ಅದನ್ನು ತಂತ್ರಾಂಶದೊಳಗಿಟ್ಟು ಗೆರೆ ಎಳೆಯುತ್ತಾರೆ. 7920ರ ಬದಲು ಹತ್ತಿರದ ದುಂಡು ಸಂಖ್ಯೆಯೆಂದು 8000 ಹಾಕಿದರೆಂದಿಟ್ಟುಕೊಳ್ಳೋಣ. ಉದ್ದದಲ್ಲಿ ನೂರಕ್ಕೆ ಒಂದರಷ್ಟು ವ್ಯತ್ಯಾಸ. ಕ್ಷೇತ್ರಫಲದಲ್ಲಿ ಅದು ಎರಡಾಗುತ್ತದೆ. ಹತ್ತು ಎಕರೆಯ ಹೊಲ ಪರದೆಯ ಮೇಲೆ ಹತ್ತು ಎಕರೆ ಎಂಟು ಗುಂಟೆಯಾಗಿ ಬೆಳೆದು ನಿಲ್ಲುತ್ತದೆ. ಎಂಟು ಗುಂಟೆಯಲ್ಲಿ ಮೂವತ್ತು-ನಲವತ್ತರ ಏಳು ನಿವೇಶನಗಳು ಹಿಡಿಸುತ್ತವೆ. ಅಣ್ಣತಮ್ಮಂದಿರು ಮಾತು ಬಿಡುವುದಕ್ಕೆ ಅಷ್ಟೂ ಬೇಕಾಗಿಲ್ಲ.

ಸಂಖ್ಯೆ ಸರಿಯಿದ್ದರೂ ಕಾಗದ ಮೋಸ ಮಾಡೀತು. ನೂರು ವರ್ಷದ ಹಾಳೆ ಒಣಗಿ ಕುಗ್ಗುತ್ತದೆ, ಅದೂ ಉದ್ದಕ್ಕೊಂದು ಬಗೆ, ಅಗಲಕ್ಕೊಂದು ಬಗೆ. ಎರಡೂ ಕಡೆ ನೂರಕ್ಕೆ ಒಂದರಷ್ಟು ಕುಗ್ಗಿದ್ದರೆ ಹತ್ತು ಎಕರೆ ಒಂಬತ್ತು ಎಕರೆ ಮೂವತ್ತೆರಡು ಗುಂಟೆಗೆ ಇಳಿಯುತ್ತದೆ. ಮತ್ತೆ ಅದೇ ಎಂಟು ಗುಂಟೆ, ಈ ಸಲ ಎದುರು ದಿಕ್ಕಿಗೆ. ಹಾಳೆಯ ಅಂಚಿನಲ್ಲಿ ಅಕ್ಷರದಲ್ಲಿ ಬರೆದ ಪ್ರಮಾಣ ಕುಗ್ಗುವುದಿಲ್ಲ. ಗೆರೆಯಾಗಿ ಎಳೆದ ಅಳತೆಪಟ್ಟಿಯಾದರೆ ಹಾಳೆಯೊಡನೆ ತಾನೂ ಕುಗ್ಗುತ್ತದೆ. ಆದ್ದರಿಂದ ಬರೆದದ್ದಕ್ಕಿಂತ ಎಳೆದದ್ದನ್ನು ನಂಬುವುದು ಲೇಸು. ಅದಕ್ಕಿಂತಲೂ ಲೇಸು, ಮೂಲ ಟಿಪ್ಪಣಿಯಲ್ಲಿ ಸರಪಳಿ, ಆಣೆಗಳಲ್ಲಿ ದಾಖಲಾದ ಎರಡು ಬಾಂದುಕಲ್ಲುಗಳ ನಡುವಣ ಅಂತರವನ್ನು ಹಿಡಿದು, ಪರದೆಯ ಮೇಲೆ ಅದೇ ಅಂತರವನ್ನು ಅಳೆದು, ಎರಡರ ಭಾಗಲಬ್ಧದಿಂದ ಪ್ರಮಾಣವನ್ನು ನಿಗದಿಗೊಳಿಸುವುದು, ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ. ಹಾಗೆ ಮಾಡಿದಾಗ 7920 ಎಂಬುದು ಒಂದು ದಿಕ್ಕಿಗೆ 7990 ಆಗಿ, ಇನ್ನೊಂದಕ್ಕೆ 7960 ಆಗಿ ಬಂದರೆ ಆಶ್ಚರ್ಯಪಡಬೇಕಿಲ್ಲ. ಫೋನಿನ ಫೋಟೋ ಓರೆಯಾಗಿದ್ದರಂತೂ ಈ ಎರಡು ಅಳತೆಯೂ ಸಾಲವು.

ಭೂಮಾಪನದ ತಂತ್ರಾಂಶಗಳ ಮಾನಗಳ ಪಟ್ಟಿಯನ್ನು ಕೆಳಗೆಳೆಯುತ್ತ ಹೋದರೆ ಇನ್ನೊಂದು ಕುತೂಹಲ ಕಾದಿದೆ. ಅಲ್ಲಿ ‘ಇಂಡಿಯನ್ ಫೂಟ್’ ಎಂಬುದು ಒಂದಲ್ಲ. 1937ರದು, 1962ರದು, 1975ರದು ಎಂದು ಬೇರೆ ಬೇರೆ. 1937ರ ಅಡಿ 0.30479841 ಮೀಟರ್, ಇಂದಿನ ಅಂತರರಾಷ್ಟ್ರೀಯ ಅಡಿ 0.3048. ಹೊಲದ ಬದುವಿಗೆ ಇದು ಲೆಕ್ಕಕ್ಕೇ ಇಲ್ಲ, ಕಿಲೋಮೀಟರಿಗೆ ಐದು ಮಿಲಿಮೀಟರಿನಷ್ಟು ಮಾತ್ರ. ಆದರೆ 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ನಲವತ್ತು ಉಕ್ಕಿನ ಸಲಾಕೆಗಳ ನೂರಡಿ ಸರಪಳಿ ಹಾಸಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆ ಅಳೆದಾಗ ಅವನ ಮನಸ್ಸಿನಲ್ಲಿದ್ದದ್ದು ಹೊಲವಲ್ಲ, ಭೂಮಿಯ ಆಕಾರ. ಅವನು ಮೊದಲುಮಾಡಿ ಎವರೆಸ್ಟ್ ಮುಗಿಸಿದ, ದಕ್ಷಿಣದ ತುದಿಯಿಂದ ಹಿಮಾಲಯದ ತಪ್ಪಲಿನವರೆಗಿನ ಸುಮಾರು 2,400 ಕಿಲೋಮೀಟರಿನ ರೇಖೆಗೆ ಪಟ್ಟಿಯಿಂದ ತಪ್ಪು ಅಡಿಯನ್ನು ಆರಿಸಿದರೆ, ವ್ಯತ್ಯಾಸ ಹನ್ನೆರಡು ಮೀಟರನ್ನು ದಾಟುತ್ತದೆ.